ಬಿಸಿಯಾಗುವ ತನಕ

ಜನವರಿ 6, ಬೆಳಿಗ್ಗೆ

ಟೋಸ್ಟ್ ಕಚ್ಚುವಷ್ಟರಲ್ಲಿ ಶೆಡ್ಡಿನಲ್ಲಿ ಶುರು. ಕ್ಲಾರಿಯ ರೋಟರಿ ಎಂಜಿನ್ ಕಾರು. ಕಪಾಟಿನ ಕಪ್ಪುಗಳೆಲ್ಲ ಗಲಗಲ. ಕ್ಲಾರಿ ನನ್ನ ತಮ್ಮ. ಹೆಂಡತಿ ಬಿಟ್ಟುಹೋದ ಮೇಲೆ ಇಲ್ಲಿಗೆ ಬಂದ. ತಂದದ್ದು ಒಂದು ಸೂಟ್‌ಕೇಸು, ಈ ಹಳದಿ ರೇಸ್ ಕಾರು.

ಹುಲ್ಲು ಕತ್ತರಿಸಿ ಎಂದು ಊರಿನ ಕೌನ್ಸಿಲ್‌ಗೆ ಮತ್ತೆ ಪತ್ರ. ನಮ್ಮಲ್ಲಿ ಜನವರಿ ಕಡುಬೇಸಿಗೆ; ಕ್ವಾರಿ ರೋಡಿನ ಎರಡೂ ಬದಿ ಹುಲ್ಲು ಸೊಂಟದೆತ್ತರ ಒಣಗಿ ನಿಂತಿದೆ. ಈ ಕಣಿವೆಯಿಂದ ಹೊರಗೆ ಹೋಗಲು ಅದೊಂದೇ ದಾರಿ. ಎಂಬತ್ಮೂರರ ಕಾಡ್ಗಿಚ್ಚಿನಲ್ಲೂ ಹೀಗೇ ಇತ್ತು. ಕೆಳಗಿನ ತಿರುವಿನಲ್ಲಿ ಹಾಲಿನ ಡೈರಿಯ ಗಂಡ ಹೆಂಡತಿ, ಕಾರಿನೊಳಗೇ... ಆಮೇಲೆ ವಿಚಾರಣೆ, ವರದಿ, ಕಂಚಿನ ಫಲಕ. ಈಗ ಹುಲ್ಲು ಬೆಳೆದು ಆ ಫಲಕವೂ ಕಾಣುವುದಿಲ್ಲ.

ಜನವರಿ 8

ಉತ್ತರ ಬಂತು. "ಮುಂದಿನ ಬಜೆಟ್ಟಿನಲ್ಲಿ ಪರಿಶೀಲಿಸಲಾಗುವುದು." ಬೆಂಕಿಗೂ ಹಾಗೇ ಹೇಳಿ ಕಳಿಸಲಿ.

ಸಿಟ್ಟಿನಲ್ಲಿ ಶೆಡ್ಡಿಗೆ ಹೋದೆ. ಕ್ಲಾರಿ ಎಂಜಿನ್ನಿನೊಳಗೆ ಸುತ್ತುವ ಹಳೆಯ ರೋಟರನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದ. ಬದಿ ಉಬ್ಬಿದ ತ್ರಿಕೋನ, ಅಷ್ಟೆ.

"ಇದರಲ್ಲಿ ಏನಿದೆ ಅಂತ ಹಿಂಗೆ ಸಾಯ್ತೀಯೋ?"

"ಬೇರೆ ಎಂಜಿನ್ ನಿನ್ನ ಕೌನ್ಸಿಲ್ ಇದ್ದಂಗೆ ಅಕ್ಕ. ಪಿಸ್ಟನ್ ಮೇಲೆ ಹೋಗುತ್ತೆ, ನಿಲ್ಲುತ್ತೆ. ಕೆಳಗೆ ಬರುತ್ತೆ, ಮತ್ತೆ ನಿಲ್ಲುತ್ತೆ. ಇದು ಎಲ್ಲೂ ನಿಲ್ಲಲ್ಲ. ಸುತ್ತುತ್ತೆ."

ನಗು ಬಂತು. ತೋರಿಸಲಿಲ್ಲ.

ಸಂಜೆ ಒಂದು ಸುತ್ತು ಕರೆದುಕೊಂಡು ಹೋದ. ವೇಗ ಏರಿದಷ್ಟೂ ನುಣುಪು. ನಡುಕವಿಲ್ಲ, ಏದುಸಿರಿಲ್ಲ. ಮಿತಿ ಮೀರಿದ್ದು ಮೈಗೆ ಗೊತ್ತೇ ಆಗುವುದಿಲ್ಲ, ಅದಕ್ಕೇ ಒಂದು ಬಜರ್ ಇಟ್ಟಿದ್ದಾರೆ. ಅದು ಕಿರುಚಿದಾಗ ಸೀಟು ಹಿಡಿದುಕೊಂಡೆ. ಇನ್ನಷ್ಟು ಹೋಗಲಿ ಅನ್ನಿಸಿದ್ದೂ ನಿಜ. ಅವನಿಗೆ ಹೇಳಲಾರೆ.

ಜನವರಿ 13

ಉತ್ತರದ ಬಿಸಿಗಾಳಿ. ಗುಡ್ಡದಾಚೆ ಬೆಂಕಿ. ಬರೆಯಲು ಕೈ ಬಂದಿರಲಿಲ್ಲ. ಭಾನುವಾರದ ಗುಡ್ಡ ಹತ್ತುವ ರೇಸ್ ರದ್ದಾಯಿತು, ಕ್ಲಾರಿ ಊಟ ಬಿಟ್ಟ. ನನ್ನ ಕಾರು ರಿಪೇರಿಗೆಂದು ಪಟ್ಟಣದಲ್ಲಿದೆ. ಹೊರಟರೆ ರೋಟರಿಯಲ್ಲೇ.

ಇವತ್ತೇ ಹೋಗೋಣ ಅಂದೆ.

"ನಾಳೆ ಗಾಳಿ ತಿರುಗುತ್ತೆ ಬಿಡಕ್ಕ. ಶೆಡ್ಡಿಗೆ ಒಂದಿಷ್ಟು ನೀರು ಹೊಡೀತೀನಿ."

ಮ್ಯಾಗ್ಪೈ ಹಕ್ಕಿಗಳು ಬಾಯಿ ತೆರೆದುಕೊಂಡು ನಲ್ಲಿಯ ಕೆಳಗೆ ಕೂತಿವೆ. ಓಡಿಸಿದರೂ ಹೋಗುವುದಿಲ್ಲ.

ಜನವರಿ 14, ಹನ್ನೊಂದು ಗಂಟೆ

ಫೋನಿನಲ್ಲಿ ಸಂದೇಶ: ಈಗಲೇ ಹೊರಡಿ. ಆಕಾಶ ಕಂದು. ಕ್ಲಾರಿ ಇನ್ನೂ ಶೆಡ್ಡಿನ ಮಾಡು ತೋಯಿಸುತ್ತಿದ್ದ. ನಮ್ಮ ತೊಟ್ಟಿಯ ನೀರಿಗೆ ಜ್ಯಾನಿನ್‌ಳ ಫೈರ್ ಎಂಜಿನ್ ಬಂತು. ಊರಿನ ಸ್ವಯಂಸೇವಕರ ತಂಡಕ್ಕೆ ಅವಳೇ ಮುಖ್ಯಸ್ಥೆ. ರೋಟರಿ ಅಡ್ಡ ನಿಂತಿತ್ತು. ಅವಳ ಕಡೆಯವನೊಬ್ಬ ಸ್ಟಾರ್ಟ್ ಮಾಡಿ, ಸ್ವಲ್ಪ ಸರಿಸಿ, ಆಫ್ ಮಾಡಿದ.

ಕ್ಲಾರಿ ಪೈಪು ಬಿಸಾಡಿ ಓಡಿಬಂದ. "ತಣ್ಣಗಿರೋ ರೋಟರಿನ ಹಂಗೆ ಆಫ್ ಮಾಡ್ತಾರೇನೋ, ಮುಠ್ಠಾಳ!"

"ಹತ್ತಡಿ ಸರಿಸಿದೆ ಕಣಣ್ಣ. ಕದ್ಕೊಂಡು ಹೋದ್ನಾ?"

ಕೀ ತಿರುಗಿಸಿದರೆ ಬರೀ ಗೊರಗೊರ. ಒಳಗೆ ಪೆಟ್ರೋಲು ತುಂಬಿ ಪ್ಲಗ್ಗೆಲ್ಲ ಒದ್ದೆಯಂತೆ. ಬಿಚ್ಚಿ ಒಣಗಿಸಬೇಕಂತೆ.

"ಇಬ್ಬರೂ ನಮ್ಮ ಗಾಡಿ ಹತ್ತಿ," ಅಂದಳು ಜ್ಯಾನಿನ್.

"ಅಕ್ಕನ್ನ ಕರ್ಕೊಂಡು ಹೋಗು. ನಾನು ಇದನ್ನ ತಗೊಂಡೇ ಬರೋದು."

"ಒಂದು ಡಬ್ಬದ ಜೊತೆ ಸುಟ್ಟುಹೋಗ್ತೀಯಾ ಕ್ಲಾರಿ?"

ಅವನು ಆಗಲೇ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಅವನು ಬಂದರೆ ನಾನೂ ಬರುತ್ತೇನೆ ಅಂದೆ. ಅವನು ಪ್ಲಗ್ ಬಿಚ್ಚತೊಡಗಿದ. ವೈರ್‌ಲೆಸ್ಸಿನಲ್ಲಿ ಅವರನ್ನು ಶಾಲೆಯ ಕಡೆಗೆ ಕರೆದರು. ಹೊರಟುಹೋದರು. ನಾನು ಹತ್ತಲಿಲ್ಲ.

ಹನ್ನೊಂದೂಮುಕ್ಕಾಲು

ಕಾರಿನ ಸೀಟಿನಲ್ಲಿ. ಬರೆಯದಿದ್ದರೆ ಕೂಗಿಕೊಳ್ಳುತ್ತೇನೆ. ಬಾನೆಟ್ ಮೇಲೆ ಬೂದಿ ಬೀಳುತ್ತಿದೆ, ಕೆಲವು ಚೂರು ಇನ್ನೂ ಕೆಂಪಗಿವೆ. ಗುಡ್ಡದ ಹಿಂದೆ ಗೂಡ್ಸ್ ರೈಲು ಬರುವ ಸದ್ದು. ನಮ್ಮ ಕಡೆ ರೈಲಿಲ್ಲ.

"ಕೀ!" ಅಂದ. ತಿರುಗಿಸಿದೆ. ಕೆಮ್ಮಿತು. ಬಿಳಿ ಹೊಗೆ. ಮತ್ತೆ ಕೆಮ್ಮಿತು... ಹಿಡಿಯಿತು! ಅತ್ತುಬಿಟ್ಟೆ. ಪಕ್ಕದ ಸೀಟಿಗೆ ಸರಿದೆ. ಅವನು ಬಂದು ಕೂತ.

ಕೂತೇ ಇದ್ದಾನೆ.

"ಹೊಡಿಯೋ!"

"ಬಿಸಿಯಾಗ್ಲಿ ಅಕ್ಕ. ಈಗ ಎಳೆದ್ರೆ ರೋಟರ್ ತುದಿಯ ಸೀಲೆಲ್ಲ ಹೋಗುತ್ತೆ. ಚಳಿಗಾಲ ಪೂರ್ತಿ ಕೂತು ಕಟ್ಟಿರೋದು."

ಹೊರಗೆ ಊರೇ ಬೇಯುತ್ತಿದೆ, ಇವನಿಗೆ ಎಂಜಿನ್ ತಣ್ಣಗಿದೆ. ಎಂಜಿನ್ ಬಿಸಿ ತೋರಿಸುವ ಮೀಟರಿನ ಸೂಜಿಯನ್ನೇ ನೋಡುತ್ತಿದ್ದಾನೆ. ಬೇಲಿಯಾಚೆ ನೀಲಗಿರಿ ಮರವೊಂದು ಬುಡದಿಂದ ತುದಿಯವರೆಗೆ ಒಂದೇ ಉಸಿರಿಗೆ ಹೊತ್ತಿಕೊಂಡಿತು.

"ನಾನು ಇಳಿದು ನಡೀತೀನಿ ಕ್ಲಾರಿ."

ಬಾಗಿಲ ಹಿಡಿಗೆ ಕೈ ಹಾಕಿದೆ. ತಡಕಾಡುತ್ತಿತ್ತು ಕೈ, ಹಿಡಿ ಸಿಗಲೇ ಇಲ್ಲ. ಅವನು ನೋಡಿದ. ಆ ಕೈಯನ್ನು, ಆಮೇಲೆ ನನ್ನ ಮುಖವನ್ನು.

ಸೂಜಿ ಇನ್ನೂ ತಳದಲ್ಲೇ ಇದೆ. ಗೇರ್ ಹಾಕಿದ —