ಅಪ್ಪನಿಗೆ ಏನೇನು ಆಗುವುದಿಲ್ಲ

ತ್ರೊಯಾನ್
12 ಅಕ್ಟೋಬರ್ 2019, ಶನಿವಾರ

ನನ್ನ ಮುದ್ದಿನ ನೆವೆನಾ,

ಹೇಗಿದ್ದೀಯ ಮಗಳೇ? ಕೆಮ್ಮು ಬಿಟ್ಟಿತೇ? ಅಷ್ಟೆತ್ತರದ ಕ್ರೇನಿನ ಮೇಲೆ ಕೂತು ವಾರ್ನಾ ಬಂದರಿನ ಗಾಳಿ ಕುಡಿಯುವವಳು ಕುತ್ತಿಗೆಗೊಂದು ಶಾಲು ಸುತ್ತಿಕೊಂಡರೆ ನಿನ್ನ ಗಂಟೇನು ಹೋಗುತ್ತದೆ? ನಾನು ಚೆನ್ನಾಗಿದ್ದೇನೆ. ದೊಣ್ಣೆಮೆಣಸಿನಕಾಯಿ ಸುಟ್ಟು ಹದಿನೆಂಟು ಶೀಶೆ ತುಂಬಿಸಿದ್ದೇನೆ, ಆರು ನಿನ್ನ ಪಾಲಿಗೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕಿವಿ ನೆಟ್ಟು ಕೂತಿರುತ್ತಾರೆ. ಅದಕ್ಕೇ ಈ ಕಾಗದ.

ಸಹಾಯಕ್ಕೆ ಜನ ಸಿಗದಿದ್ದರೆ ತಿಂಗಳ ಕೊನೆಗೆ ಕೆಲಸ ಬಿಟ್ಟು ಬಂದು ಅಪ್ಪನನ್ನು ನಾನೇ ನೋಡಿಕೊಳ್ಳುತ್ತೇನೆ ಎಂದೆಯಲ್ಲ, ಅಂದಿನಿಂದ ನನಗೆ ಊಟ ಸೇರಿಲ್ಲ. ಆರು ವರ್ಷ ಗುದ್ದಾಡಿ ಗಿಟ್ಟಿಸಿದ ಕ್ರೇನಿನ ಸೀಟು ಅದು. ‘ಇನ್ನೊಬ್ಬರ ನೆರವು ಬೇಕು’ ಎಂದು ಮೆಡಿಕಲ್ ಬೋರ್ಡಿನವರು ಬರೆದರೆ ಭತ್ಯೆಯ ಜೊತೆಗೆ ದಿನಾ ಒಬ್ಬ ಹೆಂಗಸನ್ನೂ ಕಳಿಸುತ್ತಾರೆ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ನರರೋಗದ ಡಾಕ್ಟರ ವರದಿ, ಬಚ್ಚಲಲ್ಲಿ ಜಾರಿ ಬಿದ್ದಾಗಿನ ಎಕ್ಸ್‌ರೇ ಎಲ್ಲ ಕೂಡಿಸಿದೆ, ಕಡತ ದಿಂಬಿನಷ್ಟಾಯಿತು. ಆದರೆ ಡಾಕ್ಟರ ಮುಂದೆ ಹೋದರೆ ನಿಮ್ಮಪ್ಪ ಮದುವೆ ಗಂಡು! ನನ್ನ ಕೈಲಿ ಗಡ್ಡ ಹೆರೆಸಿಕೊಂಡು, ಕೋಟು ತೊಡಿಸಿಕೊಂಡು ಹೋಗಿ, ಹೇಗಿದ್ದೀರಿ ಎಂದು ಕೇಳಿದರೆ “ಚೆನ್ನಾಗಿದೀನಿ ಡಾಕ್ಟ್ರೇ, ನೀವು ಹೇಗಿದೀರ?” ಅನ್ನುತ್ತಾರೆ. ಅವರೂ ಹಾಗೇ ಬರೆದರು. ಎಲ್ಲ ಚೀಟಿಯಲ್ಲೂ ‘ರೋಗಿಯ ದೂರುಗಳಿಲ್ಲ’.

ನಮ್ಮ ಡಾಕ್ಟರು ಮಿಂಕೋವಾ ತಲೆ ಚಚ್ಚಿಕೊಂಡರು. “ದಿನಾ ನೋಡೋರು ಬರೆದುಕೊಡ್ಲಿ ಅಮ್ಮಾ, ಅವರಿಗೆ ಏನೇನು ಆಗಲ್ಲ ಅಂತ” ಅಂದರು. ಬೀದಿಯವರಿಗೆ ಹೇಳಿದೆ. ಎರಡೇ ದಿನದಲ್ಲಿ ಕಾಗದ ಬಂದವು. ತಗಡಿನ ಕೆಲಸದ ಗಾಂಚೊ ನಿಮ್ಮಪ್ಪನ ಬಗ್ಗೆ ಬರೆದಿದ್ದ: ‘ಹಿಮದಲ್ಲೂ ಬೆಟ್ಟ ಹತ್ತಿ ಟಪಾಲು ಮುಟ್ಟಿಸಿದ ವೆಲ್ಕೊ ಇವತ್ತಿಗೂ ಕಲ್ಲುಗುಂಡು.’ ತೋತಾ ಅಜ್ಜಿ ಹೊಸ ವರ್ಷದ ಕುಣಿತದಲ್ಲಿ ಸಾಲಿನ ಮುಂದಾಳು ಅವರೇ ಎಂದು ಬರೆದಿದ್ದಳು. ಯಾವ ಹೊಸ ವರ್ಷ ಅಜ್ಜಿ ಎಂದು ಕೇಳಿದ್ದಕ್ಕೆ, “ಯಾವುದೋ ಒಂದು! ಬದುಕಿರೋ ಮನುಷ್ಯನ ಮೇಲೆ ಕಾಯಿಲೆ ಬರೆದುಕೊಡ್ತಾರೇನೇ? ಬಿಡ್ತು ಅನ್ನು!” ಎಂದು ಕೆಟ್ಟದ್ದು ತಟ್ಟದಿರಲೆಂದು ಮೂರು ಸಲ ಮೇಜು ಕುಟ್ಟಿದಳು. ಗಾಂಚೊನದು ಇನ್ನೊಂದು ಸಂಕಟ. “ಅವನ ಕೋಟಿನ ಗುಂಡಿ ಹಾಕೋನು ನಾನು ಅಂತ ಬರೆದ್ರೆ ನಾಳೆ ಅವನ ಮುಖ ಹೆಂಗಮ್ಮಾ ನೋಡ್ಲಿ?” ನಕ್ಕೆ. ಮನೆಗೆ ಬಂದು ಅತ್ತೆ.

ನಿಮ್ಮಪ್ಪ ಎಲ್ಲ ಕೇಳಿಸಿಕೊಂಡಿದ್ದರು. “ಲೇ, ಹಾಳೆ ತಾ. ಮೂವತ್ನಾಲ್ಕು ವರ್ಷ ಒಬ್ಬರ ರುಜು ಇನ್ನೊಬ್ಬರ ಕೈಲಿ ಹಾಕಿಸ್ದೋನಲ್ಲ ನಾನು. ಇದನ್ನೂ ನಾನೇ ಬರೀತೀನಿ” ಅಂದರು. ತಿಂಡಿ ತಿಂದು ಕೂತವರು ಎದ್ದದ್ದು ಊಟಕ್ಕೆ. ‘ಗುಂಡಿ ಹಾಕಲು ಆಗುವುದಿಲ್ಲ’ ಎಂಬ ಮೊದಲ ಸಾಲು ದಪ್ಪಗಿತ್ತು. ‘ಒಬ್ಬನೇ ಸ್ನಾನ ಮಾಡಲು ಆಗುವುದಿಲ್ಲ’ ಅದಕ್ಕಿಂತ ಸಣ್ಣದು. ‘ಹೆಂಡತಿ ಎಬ್ಬಿಸದೆ ಏಳಲು ಆಗುವುದಿಲ್ಲ’ ಇನ್ನೂ ಸಣ್ಣದು. ಆಮೇಲಿನದು ಇರುವೆ ಸಾಲು. ನಾನು ನೀಟಾಗಿ ನಕಲು ಮಾಡಿಕೊಂಡು ಹೋದೆ. ಡಾಕ್ಟರು ನನ್ನ ನಕಲನ್ನು ಪಕ್ಕಕ್ಕಿಟ್ಟು ಅಸಲು ಕೇಳಿದರು. “ಈ ನಡುಕದ ಕಾಯಿಲೇಲಿ ಅಕ್ಷರ ಹೀಗೇ ಸಣ್ಣಗಾಗ್ತಾ ಹೋಗುತ್ತೆ. ಇದಕ್ಕಿಂತ ಪುರಾವೆ ಬೇಕಾ!” ಎಂದು ಕಡತದ ಮೇಲೆಯೇ ಇಟ್ಟರು.

ಮೊನ್ನೆ ಗುರುವಾರ ಬೋರ್ಡಿನ ಉತ್ತರ ಬಂತು. ಮಂಜೂರಾಗಿದೆ ಮಗಳೇ! ರಿಜಿಸ್ಟರ್ ತಂದ ಹೊಸ ಟಪಾಲಿನ ಹುಡುಗಿ, ಅಪ್ಪ ರುಜು ಹಾಕಿ ಮುಗಿಸುವವರೆಗೆ ಗೌರವದಿಂದ ನಿಂತಿದ್ದಳು. ಸೋಮವಾರದಿಂದ ವಸೀಲ್ಕಾ ಎಂಬಾಕೆ ಬರುತ್ತಾಳೆ. ಅವಳ ಕಾಫಿ ನೀರಾಗಿರುತ್ತದೆಂದು ಇವರು ಈಗಲೇ ಗೊಣಗಲು ಶುರು ಮಾಡಿದ್ದಾರೆ. ನನಗೆ ಬಹಳ ಸಂತೋಷವಾಗಿದೆ.

ಬೆಚ್ಚಗಿರು. ಆ ಎತ್ತರದಲ್ಲೂ ದೇವರು ನಿನ್ನ ಕೈ ಬಿಡದಿರಲಿ. ಅಪ್ಪನ ಮುತ್ತು, ನನ್ನದು ಎರಡು.

ನಿನ್ನ ಅಮ್ಮ,
ಸ್ತೊಯ್ನಾ

ತಾ.ಕ.: ಟಪಾಲಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಪ್ಪನ ಹಾಳೆಯ ಕೊನೇ ಸಾಲು ನನಗೆ ಓದಲಾಗಿರಲಿಲ್ಲ, ನಕಲಿನಲ್ಲಿ ಬಿಟ್ಟಿದ್ದೆ. ಡಾಕ್ಟರು ಭೂತಗನ್ನಡಿ ಹಿಡಿದು ಓದಿದರು: ‘ಇದನ್ನೆಲ್ಲ ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಮಗಳು ಕ್ರೇನಿನಿಂದ ಇಳಿದು ಬಂದುಬಿಡುತ್ತಾಳೆ.’ ರಾಜೀನಾಮೆ ಕೊಟ್ಟಿದ್ದರೆ ಕಾಗದ ಕಂಡ ದಿನವೇ ವಾಪಸು ತೆಗೆದುಕೋ. ಬರುವುದಾದರೆ ಹಬ್ಬಕ್ಕೆ ಬಾ.