ಟರೆಟ್ ಕಮಾನಿನ ನೆರಳು

ಜೂನ್ 9, ಸೋಮವಾರ

ಬೆಳಗ್ಗೆ ಎರಡು ಸಲ ಸಾಕ್ಸ್ ಹಾಕಿಸಿದೆ. ಎರಡು ಸಲವೂ ಕಿತ್ತೆಸೆದ. ಓಟ್ಸ್ ಗಂಜಿ ಅರ್ಧ ಅಂಗಿಯ ಮೇಲೆ. ಆಮೇಲೆ ಅದೇ ರಾಗ — "ಕೆಲಸಕ್ಕೆ ಹೊತ್ತಾಯ್ತು, ಗಾಡಿ ಕೀ ಎಲ್ಲಿಟ್ಟೆ?" ಓರಿನ್ ರಿಟೈರಾಗಿ ಎಷ್ಟೋ ವರ್ಷ. ಮರೆವಿನ ಕಾಯಿಲೆ ಶುರುವಾದ ಮೇಲೆ ನನ್ನ ಗಂಡ ಶಾಂತವಾಗಿರುವುದು ಕಾರಿನಲ್ಲಿ ಮಾತ್ರ. ನಾಳೆ ಆ ಕಲ್ಲು ಕಮಾನುಗಳ ಆರ್ಚಸ್ ಪಾರ್ಕಿಗೆ ಕರೆದೊಯ್ಯಬೇಕು. ನಮ್ಮ ಮೋವಾಬ್ ಊರಿಗೆ ಅದು ಹಿತ್ತಲು ಇದ್ದ ಹಾಗೆ. ಕೆಂಪು ಬಂಡೆಗಳನ್ನು ಕಂಡರೆ ಮಗುವಿನ ಹಾಗೆ ಬೆರಳು ತೋರಿಸುತ್ತಾನೆ.

ನನಗೂ ಸ್ವಲ್ಪ ಗಾಳಿ ಬೇಕು.

ಜೂನ್ 10

ಓರಿನ್ ಸಿಕ್ಕಿದ್ದಾನೆ. ಜೀವ ಇದೆ. ಆಸ್ಪತ್ರೆಯಲ್ಲಿದ್ದೇವೆ. ಇವತ್ತು ಇಷ್ಟೇ.

ಜೂನ್ 13

ಬರೆಯದಿದ್ದರೆ ತಲೆ ಒಡೆದುಹೋಗುತ್ತದೆ.

ಟರೆಟ್ ಅನ್ನುವ ಬಂಡೆಗಮಾನಿನ ಹತ್ತಿರ ಕಾರು ನಿಲ್ಲಿಸಿದೆ. ಕಿಟಕಿ ಇಳಿಸಿ, ನೀರಿನ ಬಾಟಲಿ ಕೈಗೆ ಕೊಟ್ಟು, ರೇಡಿಯೋ ಹಾಕಿ, "ಈಗ ಬಂದೆ" ಎಂದೆ. ಹುಲ್ಲಿನ ಟೋಪಿಯನ್ನು ಸೀಟಿನ ಮೇಲೇ ಬಿಟ್ಟು ಹೋಗಿ ಕಮಾನಿನ ಬುಡದಲ್ಲಿ ಕೂತೆ. ಕಲ್ಲು ತಂಪಾಗಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಒಂದು ಕಾಗೆ, ಅಷ್ಟೇ. ಏಳಲು ಮನಸ್ಸಾಗಲಿಲ್ಲ… ನೆರಳು ಸರಿದು ಬಿಸಿಲು ಕಾಲಿಗೆ ತಾಗಿದಾಗಲೇ ಎದ್ದದ್ದು.

ಕಾರಿನ ಬಾಗಿಲು ತೆರೆದಿತ್ತು. ಓರಿನ್ ಇಲ್ಲ.

ಮೊದಲು ಬಂದದ್ದು ಭಯವಲ್ಲ. ಎದೆಯ ಮೇಲಿನ ಭಾರ ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಅವನು ಬಿಟ್ಟುಹೋದ ನೀರನ್ನು ನಾನೇ ಕುಡಿದೆ. ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿದ್ದೆ. ಆಮೇಲೆ ಪಾರ್ಕು ಕಾಯುವ ರೇಂಜರ್ ಹೆಂಗಸು ಕಂಡಳು. ಅಳುತ್ತಾ ಓಡಿದೆ. ಅಳು ನಿಜವಾದದ್ದೇ.

"ಎಷ್ಟೊತ್ತಾಯ್ತು ಮೇಡಂ?"

"ಶೌಚಾಲಯಕ್ಕೆ ಹೋಗಿ ಬರೋದರಲ್ಲಿ… ಈಗ ತಾನೇ!"

ಬಾಯಿಂದ ಬಂದೇಬಿಟ್ಟಿತು.

ಜೂನ್ 15, ಭಾನುವಾರ

ಚರ್ಚಿನ ಹೆಂಗಸರು ಆಸ್ಪತ್ರೆಗೇ ಬಂದರು. ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ, ಹಸಿರು ಜೆಲ್ಲಿ. ಅವರಲ್ಲಿ ಸಿಸ್ಟರ್ ಟ್ಯಾನರ್ — ನಮ್ಮ ಚರ್ಚಿನಲ್ಲಿ ಹೆಂಗಸರೆಲ್ಲ ಸಿಸ್ಟರೇ — ಎಲ್ಲರ ಎದುರು ನನ್ನ ಕೈ ಹಿಡಿದು, "ವೆಲ್ಡಾ ಥರ ಗಂಡನ್ನ ನೋಡ್ಕೊಳ್ಳೋರು ಈ ಊರಲ್ಲಿ ಯಾರಿದ್ದಾರೆ ಹೇಳಿ!" ಎಂದಳು. ಮಗಳು ಮಾರ್ಲಾ ಪ್ರೈಸ್ ಊರಿನಿಂದ ಬಂದಿದ್ದಾಳೆ. "ಅಮ್ಮ ಒಂದು ಗಳಿಗೇನೂ ಬಿಟ್ಟಿರಲ್ಲ ಅಪ್ಪನ್ನ" ಅಂತ ದನಿಗೂಡಿಸಿದಳು. ಇನ್ನಷ್ಟು ಆಲೂಗಡ್ಡೆ ಬಡಿಸಿಕೊಂಡೆ.

ಒಣಹಳ್ಳದ ಕಾದ ಮರಳಲ್ಲಿ ಬರಿಗಾಲಲ್ಲಿ ನಡೆದು ಓರಿನ್‌ನ ಅಂಗಾಲು ಸುಲಿದುಹೋಗಿದೆ. ನೀರಿಲ್ಲದೆ ಕಿಡ್ನಿಗೂ ಪೆಟ್ಟು ಬಿದ್ದಿದೆಯಂತೆ.

ಜೂನ್ 19

ಆ ರೇಂಜರ್ ಬಂದಿದ್ದಳು. ಯಾಜಿ ಅಂತ ಹೆಸರು, ಇಲ್ಲಿನ ಮೂಲನಿವಾಸಿ ನವಾಹೋ ಜನರ ಹುಡುಗಿ. ಯೂನಿಫಾರ್ಮ್ ಇರಲಿಲ್ಲ. ಕಾರಿಡಾರಿನಲ್ಲಿ ನಿಂತು ನೆಲ ನೋಡುತ್ತಾ ಹೇಳಿದಳು.

"ತಪ್ಪು ನಂದು ಮೇಡಂ. ಈಗ ತಾನೇ ಇಳಿದಿದ್ದಾರೆ, ದೂರ ಹೋಗಿರಲ್ಲ ಅಂತ ಎಲ್ಲರನ್ನೂ ಕಾರುಗಳ ಸುತ್ತಾನೇ ಹುಡುಕೋಕೆ ಹಾಕ್ದೆ. ಮೊದಲೇ ಒಣಹಳ್ಳದ ಕಡೆ ಕಳಿಸಿದ್ದಿದ್ರೆ… ಅಷ್ಟು ಹೊತ್ತು ಬಿಸಿಲಲ್ಲಿ ಬಿದ್ದಿರ್ತಿರಲಿಲ್ಲ. ಇನ್ಮೇಲೆ ಹುಡುಕೋ ತಂಡದಲ್ಲಿ ನಾನಿರಲ್ಲ, ನನ್ನ ಹೆಸರು ತೆಗೆದುಬಿಡಿ ಅಂತ ಮೇಲಿನವರಿಗೆ ಹೇಳ್ತಿದ್ದೀನಿ."

ನಿಜ ಆಗಲೇ ಹೇಳಬೇಕಿತ್ತು. ಬೆನ್ನು ತಟ್ಟಿದೆ. ಬೆನ್ನು ತಟ್ಟಿ ಕಳಿಸಿದೆ ಅವಳನ್ನು!

ಜೂನ್ 20

ಪಾರ್ಕಿಗೆ ಹೋಗಿ ಯಾಜಿಗೆ ಹೇಳಿದೆ. ಎಲ್ಲವನ್ನೂ — ಕಮಾನು, ನೆರಳು, ಕುಡಿದ ನೀರು. ಅವಳು ಬಂಡೆಗಳ ಕಡೆ ತಿರುಗಿದಳು.

"ದಣಿವು ನಂಗೂ ಅರ್ಥ ಆಗುತ್ತೆ ವೆಲ್ಡಾ. ಆದ್ರೆ 'ತುಂಬಾ ಹೊತ್ತಾಯ್ತು' ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ನಂಗೆ ವಾರದಿಂದ ನಿದ್ದೆ ಇಲ್ಲ."

ಕ್ಷಮಿಸು ಎಂದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ.

"ಮಗಳಿಗೆ ನೀವೇ ಹೇಳ್ತೀರಾ, ನಾನು ಹೇಳ್ಲಾ?"

ನಾನೇ ಹೇಳಿದೆ. ಮಾರ್ಲಾ ಬ್ಯಾಗು ತೆಗೆದುಕೊಂಡು ಹೊರಟುಹೋದಳು.

ಜೂನ್ 28

ಓರಿನ್ ಮನೆಗೆ ಬಂದಿದ್ದಾನೆ. ಎರಡೂ ಕಾಲಿಗೆ ಬ್ಯಾಂಡೇಜ್. ಮಾರ್ಲಾ ಫೋನ್ ಮಾಡಿ ಅಪ್ಪನ ಊಟ ಆಯ್ತಾ ಅಂತ ಕೇಳಿದಳು. ನನ್ನದು ಕೇಳಲಿಲ್ಲ. ಆದರೂ ಫೋನ್ ಮಾಡಿದಳಲ್ಲ.

ಮಧ್ಯಾಹ್ನ ಅವನು, "ವೆಲ್ಡಾ, ಕಾಲು ಯಾಕೆ ಉರೀತಿದೆ?" ಎಂದ. ಪಕ್ಕದಲ್ಲಿ ಕೂತು ನಡೆದದ್ದೆಲ್ಲ ಹೇಳಿದೆ. ನೀನಿಲ್ಲ ಅಂದಾಗ ಹಗುರ ಆಯ್ತು ನಂಗೆ, ಅದನ್ನೂ ಹೇಳಿದೆ. ಕೇಳಿಸಿಕೊಂಡ. ಎಷ್ಟು ಅರ್ಥವಾಯಿತೋ.

"ಅಯ್ಯೋ, ನಾನು ನಿನ್ನನ್ನೇ ಹುಡುಕ್ಕೊಂಡು ಬಂದೆ ಕಣೇ. ಆ ಬಿಸಿಲಲ್ಲಿ ಟೋಪಿ ಬಿಟ್ಟು ಹೋಗಿದ್ದೆಯಲ್ಲ, ಕೊಡೋಣ ಅಂತ."

ಕಾರಿನಲ್ಲೆಲ್ಲಾ ಹುಡುಕಿದೆ. ನನ್ನ ಹುಲ್ಲಿನ ಟೋಪಿ ಎಲ್ಲೂ ಇಲ್ಲ.

ಒಳಗೆ ಬಂದರೆ ಮತ್ತೆ, "ಕಾಲು ಯಾಕೆ ಉರೀತಿದೆ?" ಮತ್ತೆ ಹೇಳಿದೆ. ಈ ಸಲ ಟೋಪಿಯ ಮಾತಿಲ್ಲ. ಗೋಡೆಯ ಕಡೆ ತಿರುಗಿ ಅತ್ತ. ಕಣ್ಣೊರೆಸಿ ನಿಂಬೆ ಪಾನಕ ಕುಡಿಸಿದೆ. ಕುಡಿಯುವಷ್ಟರಲ್ಲಿ ಯಾಕೆ ಅತ್ತೆ ಅನ್ನುವುದೂ ಮರೆತಿದ್ದ.

ನೋವಾಗದ ಹಾಗೆ ಬೇರೆ ಏನಾದರೂ ಹೇಳಿಬಿಡಬಹುದು. ಯಾರು ಕೇಳುತ್ತಾರೆ?

ಈಗ ಮತ್ತೆ ಕೂಗುತ್ತಿದ್ದಾನೆ. ಅದೇ ಪ್ರಶ್ನೆ. ಹೋಗಿ ಮೊದಲಿನಿಂದ, ನಡೆದದ್ದನ್ನೇ —