ಸ್ಟಾರ್ಟ್ ಮಾಡಬೇಡ ಅಂದಿದ್ದೆ

ತಮ್ಮಾ,

ಫೋನಿನಲ್ಲಿ ಈ ಮಾತೆತ್ತಿದರೆ ನೀನು ನಗುತ್ತೀಯ, ನೀನು ನಕ್ಕರೆ ನಾನು ಕೂಗಾಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಹಡಗಿನ ಎಂಜಿನ್ ಕೋಣೆಯ ಕೆಲಸಕ್ಕೆ ನಾನು ಹೊರಡುವ ಮೊದಲು ಅಮ್ಮನ ಹಳೆಯ ಕಾರನ್ನು ಹೇಗೆ ಮಲಗಿಸಿ ಹೋಗಿದ್ದೆ, ನೆನಪಿದೆಯಾ? ನೀನೂ ಶೆಡ್ಡಿನ ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ ತಂದು, ಹಳೆಯ ಆಯಿಲ್ ಇಳಿಸಿ ಹೊಸದು ತುಂಬಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಚಮಚದಷ್ಟು ಆಯಿಲ್ ಬಿಟ್ಟು, ಕೈಯಿಂದಲೇ ಎಂಜಿನ್ ತಿರುಗಿಸಿ, ಒಳಗೋಡೆಗೆಲ್ಲ ಜಿಡ್ಡು ಹತ್ತಿಸಿದೆ. ತೇವ ನುಗ್ಗದ ಹಾಗೆ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿದೆ. ಬ್ಯಾಟರಿ ಬಿಚ್ಚಿಟ್ಟೆ. ಆಮೇಲೆ ನಿನಗೆ ಹೇಳಿದ್ದು ಒಂದೇ ಮಾತು: "ಇದನ್ನ ಸ್ಟಾರ್ಟ್ ಮಾಡ್ಬೇಡ ಕಣೋ. ನಾನು ಬರೋವರೆಗೂ ಹೀಗೇ ಇರ್ಲಿ." "ಆ ಡಬ್ಬಾ ನಂಗ್ಯಾಕೆ?" ಅಂದಿದ್ದೆ ನೀನು.

ಬೇಡವಾಗಿದ್ದರೆ ಮುಟ್ಟಿದ್ದೇಕೆ?

ನಾನು ಬಂದ ಮರುದಿನ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಎಂಜಿನ್ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸೈಲೆನ್ಸರಿನ ಬಟ್ಟೆ ಮೂಲೆಯಲ್ಲಿ ಬಿದ್ದಿತ್ತು. ಬ್ಯಾಟರಿಯನ್ನು ಯಾರೋ ಮತ್ತೆ ಜೋಡಿಸಿದ್ದರು. ಕೇಳಿದರೆ ಎಷ್ಟು ಸಲೀಸಾಗಿ ಹೇಳಿದೆ! "ಅಮ್ಮಂಗೆ ಅದರ ಸೌಂಡ್ ಕೇಳ್ಬೇಕು ಅನ್ಸ್ತಿತ್ತಂತೆ ಅಕ್ಕಾ. ಆಗಾಗ ಎರಡು ನಿಮಿಷ ಸ್ಟಾರ್ಟ್ ಮಾಡ್ತಿದ್ದೆ. ಗಾಡಿಗೂ ಒಳ್ಳೇದೇ ಅಲ್ವಾ?"

ಅಲ್ಲ! ಎರಡು ನಿಮಿಷಕ್ಕೆ ಎಂಜಿನ್ ಬಿಸಿಯಾಗುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನಾವಿ ಹೊರಗೆ ಹೋಗದೆ ಒಳಗೇ ತಣಿದು ಕೂರುತ್ತದೆ. ನಾನು ಹಚ್ಚಿದ ಜಿಡ್ಡನ್ನು ನೀನು ಮೊದಲ ದಿನವೇ ಸುಟ್ಟೆ, ಆಮೇಲೆ ಪ್ರತಿ ಸಲವೂ ಅದಕ್ಕೆ ನೀರು ಕುಡಿಸಿದೆ. ಪಿಸ್ಟನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು.

ಆದರೂ ಅಮ್ಮನ ಆಸೆ ಅಂದೆಯಲ್ಲ, ಸಿಟ್ಟು ನುಂಗಿಕೊಂಡೆ. ಸಂಜೆ ಅವಳ ಪಕ್ಕ ಕೂತು, "ಇನ್ಮೇಲೆ ಸೌಂಡ್ ಕೇಳ್ಬೇಕು ಅನ್ಸಿದ್ರೆ ನಂಗೆ ಹೇಳಮ್ಮ" ಅಂದೆ. ಅಮ್ಮ ನನ್ನನ್ನೇ ದಿಟ್ಟಿಸಿದಳು. "ನಾನ್ಯಾವಾಗ ಕೇಳಿದ್ನೇ? ಅವನು ಫ್ರೆಂಡ್ಸ್ ಕರ್ಕೊಂಡ್ಬಂದು ವಿಡಿಯೋ ಮಾಡ್ಕೊಳ್ತಿದ್ದ. ಬೇಡ ಕಣೋ, ನಿಮ್ಮಕ್ಕ ಬೈತಾಳೆ ಅಂದ್ರೆ, 'ನಿಂಗೇನು ಗೊತ್ತು, ಒಳಗೆ ಹೋಗಮ್ಮ' ಅಂದ."

ಅವಳಿಗೇನು ಗೊತ್ತು! ಆ ಕಾರಿನ ಪಕ್ಕದ ಸೀಟಿನಲ್ಲಿ ಕೂತು ಊರಿನ ಅರ್ಧ ಹೆಂಗಸರಿಗೆ ಡ್ರೈವಿಂಗ್ ಕಲಿಸಿ ನಮ್ಮಿಬ್ಬರನ್ನೂ ಓದಿಸಿದವಳಿಗೆ, ಒಳಗೆ ಹೋಗು ಅಂದೆಯಾ? ತುಕ್ಕನ್ನಾದರೂ ಉಜ್ಜಬಹುದು. ನಿನ್ನ ಷೋಕಿಗೆ ಅವಳ ಹೆಸರು ಅಡ್ಡ ಹಿಡಿದೆಯಲ್ಲ, ಅದನ್ನು ಯಾವುದರಿಂದ ಉಜ್ಜಲಿ?

ವಾರಗಟ್ಟಲೆ ತೆಳು ಎಣ್ಣೆ ಬಿಟ್ಟು ನೆನೆಸಿ, ಹಿಂದೆ ಮುಂದೆ ಅಲುಗಾಡಿಸಿ, ಕೊನೆಗೆ ಎಂಜಿನ್ ಬಿಚ್ಚಿಯೇ ಪಿಸ್ಟನ್ ಬಿಡಿಸಿದೆ. ಒಂದು ಸಿಲಿಂಡರಿನ ಗೋಡೆಯಲ್ಲಿ ಗೀರು ಉಳಿದಿದೆ. ಈ ಕಾರಿನ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ. ಇನ್ನು ಅದು ಹೊಗೆ ಉಗುಳುತ್ತಲೇ ಓಡಬೇಕು.

ನಿನ್ನೆ ಸ್ಟಾರ್ಟ್ ಆಯಿತು. ಅಮ್ಮ ಕೋಲೂರಿಕೊಂಡು ಬಂದು ತನ್ನ ಜಾಗದಲ್ಲಿ ಕೂತಳು. ಬೀದಿಯ ಕೊನೆ ಮುಟ್ಟುವುದರೊಳಗೆ ಬೈಗುಳ ಶುರು: "ಕ್ಲಚ್ ಮೇಲಿಂದ ಕಾಲು ತೆಗಿಯೇ, ಇದೇನು ನಿನ್ನ ಹಡಗಾ?" ನಗುತ್ತಾ ನಗುತ್ತಾ ನನಗೆ ಅಳು ಬಂತು.

ಮುಂದಿನ ವಾರ ಕಾರನ್ನು ಮತ್ತೆ ಮಲಗಿಸಿ ಹೊರಡುತ್ತೇನೆ. ಕೀ ಅಮ್ಮನ ಬಳಿ ಇದೆ. ನಾನು ಹೇಳಿಕೊಟ್ಟದ್ದಲ್ಲ, ಅವಳೇ ಕೇಳಿ ಇಸಿದುಕೊಂಡಳು. "ಅವನು ಬರ್ಲಿ. ಊಟ ಹಾಕ್ತೀನಿ, ಕೀ ಕೊಡಲ್ಲ" ಅಂದಳು. ಹೋಗು. ಊಟ ಮಾಡು. ಆದರೆ ತಟ್ಟೆಯ ಮುಂದೆ ಕೂರುವ ಮೊದಲು ಅವಳ ಎದುರು ನಿಂತು ತಪ್ಪಾಯಿತು ಅನ್ನು. ನನಗೆ ಹೇಳಬೇಕಾಗಿಲ್ಲ.

ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಚೆನ್ನಾಗಿರು.

ನಿನ್ನ ಅಕ್ಕ